ಮಾವನ ರಿವಾಲ್ವರ್, ನನ್ನ ಕೈ

ಹೊಳೆ ಮರಳಿನ ಲಾರಿಗಳ ಬಗ್ಗೆ ಸುದ್ದಿ ಬರೆದ ವಾರದಲ್ಲಿ ನನಗೆ ಎರಡು ಸಲ ಫೋನ್ ಬಂತು. "ಸ್ಕೂಟಿಯಲ್ಲಿ ಒಬ್ಬಳೇ ಓಡಾಡ್ತೀಯಲ್ಲ" ಅಂದು ಇಟ್ಟುಬಿಟ್ಟರು. "ಲೈಸೆನ್ಸ್ ಮಾಡಿಸಿ ಒಂದು ರಿವಾಲ್ವರ್ ಇಟ್ಕೊ" ಅಂದರು ಗೆಳೆಯರು. ಸುಳ್ಳು ಯಾಕೆ, ನನಗೂ ಆಸೆಯಾಯಿತು.

ನಮ್ಮ ಸೋದರಮಾವ ಮಿಲಿಟರಿಯಲ್ಲಿದ್ದು ನಿವೃತ್ತರಾದವರು. ಅವರ ಹತ್ತಿರ ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ, ಕಾನ್ಪುರದ ಸರ್ಕಾರಿ ಕಾರ್ಖಾನೆಯದು. ಚುನಾವಣೆ ಬಂದಿತ್ತು, ಅದನ್ನು ಠಾಣೆಗೆ ಜಮಾ ಮಾಡಬೇಕಿತ್ತು. ಅದರ ಹಿಂದಿನ ದಿನ ಹೋಗಿ "ಒಂದ್ಸಲ ಹಿಡಿದು ನೋಡ್ತೀನಿ ಮಾವ" ಅಂದೆ.

ಮಾವ ಪಕ್ಕದ ಲಿವರ್ ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರು. ಆರು ತೂತೂ ಖಾಲಿ. "ನಾನು ನೋಡಿದೆ, ನೀನೂ ನೋಡು. ಖಾಲಿ ಇದ್ರೂ ಜನರ ಕಡೆ ತಿರುಗಿಸಬಾರದು. ಬೆರಳು ಟ್ರಿಗರ್ ಮೇಲಲ್ಲ, ಪಕ್ಕದಲ್ಲಿರಲಿ."

ಹಿತ್ತಲ ಮಣ್ಣಿನ ದಿಬ್ಬದ ಕಡೆ ತಿರುಗಿ ಹಿಡಿದೆ. ತೂಕ ಮುಕ್ಕಾಲು ಕೆಜಿ ಹತ್ತಿರ. ನನ್ನ ಬೆರಳ ತುದಿ ಮಾತ್ರ ಟ್ರಿಗರ್‌ಗೆ ಎಟುಕಿತು. ಪೂರ್ತಿ ಎಳೆಯುವಷ್ಟರಲ್ಲಿ ನಳಿಗೆ ಅಲ್ಲಾಡಿಹೋಯಿತು. ಹಿಂದಿನ ಹ್ಯಾಮರನ್ನು ಹೆಬ್ಬೆರಳಲ್ಲಿ ಎಳೆದಿಟ್ಟರೆ ಮುಟ್ಟಿದಷ್ಟಕ್ಕೇ ಬೀಳುತ್ತೆ. ನನಗೆ ಭಯವಾಗಿದ್ದು ಅಲ್ಲೇ.

"ದಿಬ್ಬದ ಮೇಲಿನ ಆ ಬಿಳಿ ಕಲ್ಲು ನೋಡು. ಕಣ್ಣು ಮುಚ್ಚಿ ಕೈ ಎತ್ತು. ಈಗ ಬಿಡು." ಮೂರು ಸಲವೂ ನಳಿಗೆ ಕಲ್ಲಿಗಿಂತ ಗೇಣು ಕೆಳಗಿತ್ತು. "ಹಿಡಿ ಹೊಂದಿದ್ರೆ ಕೈ ತಾನೇ ಗುರಿ ಹತ್ರ ಹೋಗಿ ನಿಲ್ಲುತ್ತೆ. ಇದು ನಿನ್ನ ಕೈಗಲ್ಲ ಕಣಮ್ಮ."

ಹೆಣ್ಣುಮಕ್ಕಳಿಗೆ ಅಂತಲೇ 2014ರಲ್ಲಿ ಬಂದ ‘ನಿರ್ಭೀಕ್’ ನೆನಪಾಯಿತು. ಅರ್ಧ ಕೆಜಿ ಆಸುಪಾಸು. ಬೆಲೆ ಆಗಲೇ 1 ಲಕ್ಷ 20 ಸಾವಿರ ದಾಟಿತ್ತು. ಸುದ್ದಿ ಲೆಕ್ಕದಲ್ಲಿ ದುಡ್ಡು ಪಡೆಯುವ ನನಗೆ ಅದು ಎಷ್ಟು ವರ್ಷದ ಸಂಪಾದನೆಯೋ! ಮಾವ ನಕ್ಕರು. "ಹಗುರ ಇದ್ದಷ್ಟೂ ಗುಂಡು ಹಾರಿದಾಗ ಕೈಗೆ ಒದೆತ ಜಾಸ್ತಿ. ಅದಿರಲಿ, ಎಲ್ಲಿ ಇಡ್ತೀಯ?"

"ಬ್ಯಾಗಲ್ಲಿ."

"ಸರಿ, ಬ್ಯಾಗಿಗೆ ಹಾಕಿ ಹೆಗಲಿಗೇರಿಸು. ಸ್ಕೂಟಿ ಓಡಿಸೋ ಹಾಗೆ ಎರಡೂ ಕೈ ಮುಂದಿಡು." ಅವರು ನನ್ನ ಹಿಂದೆ ಹತ್ತು ಹೆಜ್ಜೆ ದೂರ ಹೋಗಿ ನಿಂತರು. "ಈಗ ತೆಗಿ!"

ಜಿಪ್ ಎಳೆದೆ. ನೋಟ್‌ಬುಕ್, ಚಾರ್ಜರ್, ಟಿಫಿನ್ ಡಬ್ಬಿ. ರಿವಾಲ್ವರ್ ಕೈಗೆ ಸಿಗುವ ಮೊದಲೇ ಮಾವನ ಕೈ ನನ್ನ ಹೆಗಲ ಮೇಲಿತ್ತು. ಇಬ್ಬರೂ ಮಾತಾಡಲಿಲ್ಲ.

ಮರುದಿನ ಮಾವನ ಜೊತೆ ನಾನೂ ಠಾಣೆಗೆ ಹೋದೆ. ಅವರು ರಿವಾಲ್ವರ್ ಕೊಟ್ಟು ರಸೀದಿ ತಗೊಂಡರು. ನಾನು ಆ ಫೋನ್ ನಂಬರುಗಳನ್ನು ಬರೆದು ದೂರು ಕೊಟ್ಟು ಸ್ವೀಕೃತಿ ಪತ್ರ ತಗೊಂಡೆ.

ಲೈಸೆನ್ಸಿಗೆ ಅರ್ಜಿ ಹಾಕಲಿಲ್ಲ. ಈಗ ಕತ್ತಲಾದ ಮೇಲೆ ಹೊಳೆ ಕಡೆ ಹೋಗಬೇಕಾದರೆ ಒಬ್ಬಳೇ ಹೋಗಲ್ಲ, ಮನೆಗೆ ಲೊಕೇಶನ್ ಕಳಿಸಿಯೇ ಹೊರಡುತ್ತೇನೆ. ಭಯ ಪೂರ್ತಿ ಹೋಗಿಲ್ಲ. ಮರಳಿನ ಸುದ್ದಿ ಬರೆಯೋದೂ ನಿಂತಿಲ್ಲ.