ಫಾರಂಗೆ ಎರಡೇ ಮಾತು ಗೊತ್ತು

ವೆಬ್ ಲ್ಯಾಬ್‌ನಲ್ಲಿ ಫಾರಂ ಟ್ಯಾಗ್ ಬರೆಯದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ. ಅದರಲ್ಲಿ ಮೆಥಡ್ ಅಂತ ಒಂದು ಆಟ್ರಿಬ್ಯೂಟ್ ಇದೆ. ಅಲ್ಲಿ ಗೆಟ್ ಅಂತ ಬರೀಬಹುದು, ಪೋಸ್ಟ್ ಅಂತ ಬರೀಬಹುದು. ಡೈಲಾಗ್ ಅಂತ ಮೂರನೇದೂ ಒಂದಿದೆ, ಆದರೆ ಅದು ಸರ್ವರ್ ಕಡೆ ಹೋಗೋದೇ ಇಲ್ಲ. ವೈವಾದಲ್ಲಿ ಕೇಳ್ತಾರೆ, ಬಾಯಿಪಾಠ ಒಪ್ಪಿಸ್ತೀವಿ, ಅಲ್ಲಿಗೆ ಮುಗೀತು. ಯಾಕೆ ಎರಡೇ ಅಂತ ಯಾರೂ ಕೇಳಲ್ಲ. ನಾವು ಮೂವರು ಹಾಸ್ಟೆಲ್‌ನಲ್ಲಿ ಒಂದೇ ರೂಮಿನವರು. ಒಬ್ಬ ಯಾದಗಿರಿ, ಒಬ್ಬ ಶಹಾಪುರ, ಒಬ್ಬ ಸುರಪುರ. ಒಂದು ತಿಂಗಳಿಂದ ಇದೇ ವಿಷಯಕ್ಕೆ ವಾದ ನಡೆಸಿದ್ದೀವಿ. ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಂ, ಆದ್ದರಿಂದ ನಡುನಡುವೆ ಊರ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬ್ರೌಸರ್ ಮತ್ತು ಸರ್ವರ್ ಮಾತಾಡೋ ಭಾಷೆ ಎಚ್‌ಟಿಟಿಪಿ. ಅದರಲ್ಲಿ ಗೆಟ್ ಅಂದರೆ 'ತೋರಿಸು'. ಪೋಸ್ಟ್ ಅಂದರೆ 'ಇದನ್ನ ತಗೊಂಡು ಏನು ಮಾಡಬೇಕೋ ಮಾಡು'. ಪುಟ್ ಅಂದರೆ 'ಈ ವಿಳಾಸದಲ್ಲಿ ಇರಬೇಕಾದ್ದು ಇದು, ಹಿಂದಿನದ್ದು ಏನಿದ್ದರೂ ಬಿಡು'. ಪ್ಯಾಚ್ ಅಂದರೆ 'ಇಷ್ಟು ಭಾಗ ಮಾತ್ರ ಬದಲಿಸು'. ಡಿಲೀಟ್ ಅಂದರೆ ಗೊತ್ತೇ ಇದೆ.

ಇದು ಸುಲಭವಾಗಿ ತಿಳೀಬೇಕಾದರೆ ಮತದಾರರ ಪಟ್ಟಿ ನೆನಪು ಮಾಡ್ಕೊಳ್ಳಿ. ಹದಿನೆಂಟು ತುಂಬಿದ ಮೇಲೆ ನಾವೆಲ್ಲ ತುಂಬಿದ್ದು ಫಾರಂ 6, ಹೊಸ ಹೆಸರು ಸೇರಿಸೋಕೆ. ಹೆಸರು ತೆಗೆಸಬೇಕಾದರೆ ಫಾರಂ 7. ತಪ್ಪು ತಿದ್ದಬೇಕಾದರೆ, ಮನೆ ಬದಲಾಗಿದ್ದರೆ ಫಾರಂ 8. ಪಟ್ಟಿ ನೋಡೋಕೆ ಯಾವ ಫಾರಮ್ಮೂ ಬೇಡ. ಕಾಗದದ ಸರ್ಕಾರಕ್ಕೂ ಸೇರಿಸೋದು, ತಿದ್ದೋದು, ತೆಗೆಯೋದು ಬೇರೆ ಬೇರೆ ಕೆಲಸ ಅಂತ ಗೊತ್ತು. ಎಚ್‌ಟಿಎಂಎಲ್ ಫಾರಂಗೆ ಮಾತ್ರ ಮೂರೂ ಒಂದೇ, ಪೋಸ್ಟ್.

ಪ್ಯಾಚ್‌ಗೆ ಉದಾಹರಣೆ ಬೇಕಾದರೆ ನಾವೇ ಇದ್ದೀವಿ. ನಾವು ಹುಟ್ಟಿದಾಗ ನಮ್ಮ ಮೂರೂ ಊರು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. 2010ರಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕು ಸೇರಿ ರಾಜ್ಯದ 30ನೇ ಜಿಲ್ಲೆ ಆಯ್ತು. 2014ರಲ್ಲಿ ಗುಲ್ಬರ್ಗಾನೇ ಕಲಬುರಗಿ ಆಯ್ತು. ಮನೆ ಅದೇ, ಓಣಿ ಅದೇ, ಅಪ್ಪ ಅವ್ವ ಅವರೇ. ಬದಲಾಗಬೇಕಾದ್ದು ಜಿಲ್ಲೆ ಅನ್ನೋ ಒಂದು ಕಾಲಂ ಮಾತ್ರ. ಅದರ ಮೇಲೆ ಸುರಪುರದವನಿಗೆ ಇನ್ನೊಂದು ತಲೆನೋವು: ಕನ್ನಡದಲ್ಲಿ ಸುರಪುರ, ಇಂಗ್ಲಿಷ್ ದಾಖಲೆಯಲ್ಲಿ ಒಂದು ಕಡೆ ಶೋರಾಪುರ, ಇನ್ನೊಂದು ಕಡೆ ಸುರ್‌ಪುರ್. ಒಂದೊಂದಕ್ಕೂ ಅವನು ಮೊದಲಿನಿಂದ ಕೊನೆತನಕ ಪೂರಾ ಅರ್ಜಿ ತುಂಬಿದ್ದಾನೆ.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಅವನಿಗೆ ಆದದ್ದು ಕೇಳಿ. ಇಂಜಿನಿಯರಿಂಗ್ ಸೀಟಿಗೆ 371(ಜೆ) ಮೀಸಲಾತಿ ಬೇಕಂದರೆ ನಮ್ಮ ಕಡೆಯವರಿಗೆ ಒಂದು ಪ್ರಮಾಣಪತ್ರ ಬೇಕು. ಆನ್‌ಲೈನ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದ. ಅಂಗಡಿ ಅಣ್ಣ ಸಬ್ಮಿಟ್ ಒತ್ತಿದ, ನೆಟ್ ಹೋಯ್ತು, ಚಕ್ರ ತಿರುಗ್ತಾನೇ ಇತ್ತು. ಹೋಗಿದೆಯೋ ಇಲ್ಲವೋ ಯಾರಿಗೂ ತಿಳೀಲಿಲ್ಲ. ಮತ್ತೆ ಒತ್ತಿದ. ಎರಡು ಅರ್ಜಿ, ಎರಡು ನಂಬರ್. ವಾರ ಕಳೆದು ಹೋಗಿ ಕೇಳಿದರೆ, "ತಮ್ಮಾ, ನಿನ್ನ ಹೆಸರಿನ್ಯಾಗ ಎರಡು ಅರ್ಜಿ ಅದಾವ. ಒಂದು ರದ್ದು ಮಾಡಿಸ್ಕೊಂಡು ಬಾ" ಅಂದರು. ರದ್ದು ಮಾಡೋ ಬಟನ್ ಆ ಪೇಜಿನಲ್ಲಿ ಇರಲೇ ಇಲ್ಲ. ಸುರಪುರದಿಂದ ಶಹಾಪುರ, ಅಲ್ಲಿಂದ ಯಾದಗಿರಿ, ಬಸ್ಸಿನಲ್ಲಿ ಅಪ್ಪನ ಜೊತೆ ಎರಡು ಸಲ ಓಡಾಡಿದ. ಅಪ್ಪನ ಎರಡು ದಿನದ ಕೂಲಿ ಹೋಯ್ತು. ಪ್ರಮಾಣಪತ್ರ ಕೈಗೆ ಬಂದಿದ್ದು ಕೊನೇ ದಿನಕ್ಕೆ ಒಂದು ದಿನ ಮುಂಚೆ. ಆ ಒಂದು ದಿನ ತಪ್ಪಿದ್ದರೆ ಈ ರೂಮಿನಲ್ಲಿ ನಾವು ಇಬ್ಬರೇ ಇರ್ತಿದ್ದೆವು.

ಈ ಸಮಸ್ಯೆಗೆ ನಮ್ಮ ಪುಸ್ತಕದಲ್ಲಿ ಒಂದು ದೊಡ್ಡ ಪದ ಇದೆ, ಐಡೆಂಪೊಟೆಂಟ್. ಒಂದು ಸಲ ಮಾಡಿದರೂ ಹತ್ತು ಸಲ ಮಾಡಿದರೂ ಕೊನೆಗೆ ಅದೇ ಸ್ಥಿತಿ ಅಂತ ಅರ್ಥ. ಪುಟ್ ಮತ್ತು ಡಿಲೀಟ್ ಹೀಗಿರಬೇಕು ಅಂತ ಎಚ್‌ಟಿಟಿಪಿ ನಿಯಮವೇ ಹೇಳುತ್ತೆ. ಪೋಸ್ಟ್‌ಗೆ ಆ ಮಾತು ಇಲ್ಲ. ಅದಕ್ಕೇ ಪೋಸ್ಟ್ ಆದ ಪೇಜನ್ನ ರಿಫ್ರೆಶ್ ಮಾಡಿದರೆ ಬ್ರೌಸರ್ 'ಮತ್ತೆ ಕಳಿಸಲಾ' ಅಂತ ಹೆದರಿಸೋದು.

ಈಗ ನಮ್ಮ ಮಿನಿ ಪ್ರಾಜೆಕ್ಟ್ ವಿಷಯ. ಶಹಾಪುರದವನ ಮಾಮಾಗೆ ಹತ್ತಿ ಹೊಲ ಇದೆ. ಹತ್ತಿ ಬಿಡಿಸೋಕೆ ಬರೋ ಹೆಣ್ಣುಮಕ್ಕಳಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ತೂಕ ಮಾಡಿ ವಹಿಯಲ್ಲಿ ಬರೀತಾರೆ. ಆ ವಹಿಯನ್ನ ಫೋನಿಗೆ ತರೋದು ನಮ್ಮ ಪ್ರಾಜೆಕ್ಟ್. ಒಬ್ಬಾಕೆ ಇವತ್ತು 38 ಕಿಲೋ ಬಿಡಿಸಿದಳು ಅಂದುಕೊಳ್ಳಿ. '38 ಸೇರಿಸು' ಅಂತ ಪೋಸ್ಟ್ ಕಳಿಸಿ, ನೆಟ್ ಹೋಗಿ, ಮತ್ತೆ ಒತ್ತಿದರೆ 76. 'ಈಕೆಯ ಇವತ್ತಿನ ತೂಕ 38' ಅಂತ ಅದೇ ವಿಳಾಸಕ್ಕೆ ಪುಟ್ ಕಳಿಸಿದರೆ ಎಷ್ಟು ಸಲ ಒತ್ತಿದರೂ 38. ಹೆಚ್ಚು ಬಂದರೆ ಮಾಮಾ ಜಗಳ ತೆಗೀತಾರೆ, ಕಮ್ಮಿ ಬಂದರೆ ಆಕೆ ಕೂಲಿ ಹೋಗುತ್ತೆ. ಮೊದಲ ವಾರದಲ್ಲೇ ಲೆಕ್ಕ ತಪ್ಪಿದರೆ ಮತ್ತೆ ಯಾರೂ ಫೋನ್ ನಂಬಲ್ಲ, ವಹಿನೇ ಬೇಕಂತಾರೆ. ಅದು ನ್ಯಾಯವೇ.

'ಜಾವಾಸ್ಕ್ರಿಪ್ಟ್‌ನಲ್ಲಿ ಫೆಚ್ ಹಾಕಿದರೆ ಪುಟ್ ಹೋಗುತ್ತಲ್ಲ?' ಅಂತ ನೀವು ಕೇಳ್ತೀರಿ. ಹೋಗುತ್ತೆ. ಯಾದಗಿರಿಯವನ ವಾದವೂ ಇದೇ. ಎಚ್‌ಟಿಎಂಎಕ್ಸ್ ತರದ ಲೈಬ್ರರಿ ಹಾಕಿದರೆ ಎಚ್‌ಟಿಎಂಎಲ್‌ನಲ್ಲೇ ಪುಟ್, ಡಿಲೀಟ್ ಬರೀಬಹುದು. ಆದರೆ ಅದಕ್ಕೂ ಸ್ಕ್ರಿಪ್ಟ್ ಫೈಲ್ ಮೊದಲು ಇಳೀಬೇಕು. ಹೊಲದ ಬದುವಿನ ಮೇಲೆ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಪೇಜ್ ಬರುತ್ತೆ, ಸ್ಕ್ರಿಪ್ಟ್ ಬರಲ್ಲ, ಬಟನ್ ಸುಮ್ಮನೆ ಕೂತಿರುತ್ತೆ. ಬರೀ ಎಚ್‌ಟಿಎಂಎಲ್ ಫಾರಂ ಆದರೆ ಪೇಜ್ ಬಂದ ಕ್ಷಣದಿಂದ ಕೆಲಸ ಮಾಡುತ್ತೆ.

ಹಾಗಂತ ಮೆಥಡ್‌ನಲ್ಲಿ ಪುಟ್ ಅಂತ ಬರೆದು ನೋಡಿ. ಎರರ್ ಬರಲ್ಲ. ಬ್ರೌಸರ್‌ಗೆ ಗುರುತಿಲ್ಲದ ಮಾತು ಸಿಕ್ಕರೆ ಅದು ಗೆಟ್ ಅಂತಲೇ ತಿಳ್ಕೊಳ್ಳುತ್ತೆ. ತುಂಬಿದ್ದೆಲ್ಲ ಅಡ್ರೆಸ್ ಬಾರಿನಲ್ಲಿ ಸಾಲಾಗಿ ಬಂದು ನಿಲ್ಲುತ್ತೆ.

1995ರ ಎಚ್‌ಟಿಎಂಎಲ್ 2.0ದಲ್ಲೂ ಫಾರಂಗೆ ಗೆಟ್, ಪೋಸ್ಟ್ ಎರಡೇ. 1997ರ ಎಚ್‌ಟಿಟಿಪಿ 1.1ರಲ್ಲಿ ಪುಟ್, ಡಿಲೀಟ್ ಸರಿಯಾಗಿ ಜಾಗ ಪಡೆದವು. ಪ್ಯಾಚ್‌ಗೆ 2010ರಲ್ಲಿ ಬೇರೆ ಆರ್‌ಎಫ್‌ಸಿ ಬಂತು. ಎಚ್‌ಟಿಎಂಎಲ್5ರ ಕರಡಿನಲ್ಲಿ ಒಂದು ಕಾಲಕ್ಕೆ ಫಾರಂಗೂ ಪುಟ್, ಡಿಲೀಟ್ ಇದ್ದವು, ಆಮೇಲೆ ತೆಗೆದುಬಿಟ್ಟರು. ಈಗ ಮೂರನ್ನೂ ಸೇರಿಸಿ ಅನ್ನೋ ಬೇಡಿಕೆ ಮತ್ತೆ ಎದ್ದಿದೆ.

ತೆಗೆದದ್ದಕ್ಕೂ, ಇನ್ನೂ ಸೇರಿಸದೇ ಇರೋದಕ್ಕೂ ಕಾರಣ ಇಲ್ಲದಿಲ್ಲ. ಡಿಲೀಟ್ ಆದ ಮೇಲೆ ಯಾವ ಪೇಜ್ ತೋರಿಸಬೇಕು? ಇದಕ್ಕೆ ಉತ್ತರ ಸುಲಭ, ಪೋಸ್ಟ್ ಆದ ಮೇಲೆ ಮಾಡೋ ಹಾಗೆ ರಿಡೈರೆಕ್ಟ್ ಮಾಡಿದರಾಯ್ತು. ಎರಡನೇದು ಗಟ್ಟಿ ಪ್ರಶ್ನೆ. ಒಂದು ಸೈಟಿನ ಸ್ಕ್ರಿಪ್ಟ್ ಇನ್ನೊಂದು ಸೈಟಿಗೆ ಪುಟ್ ಕಳಿಸಬೇಕಾದರೆ ಬ್ರೌಸರ್ ಮೊದಲು ಆ ಸರ್ವರನ್ನ 'ಬರಬಹುದಾ?' ಅಂತ ಕೇಳುತ್ತೆ. ಫಾರಂ ಹಾಗೆ ಕೇಳಲ್ಲ, ನೇರ ಒಳಗೆ ನುಗ್ಗುತ್ತೆ. ಈ ಕಾವಲನ್ನೇ ನಂಬಿಕೊಂಡ ಹಳೇ ಸರ್ವರ್‌ಗಳಿಗೆ, ಯಾವುದೋ ಕಳ್ಳ ಪೇಜಿನ ಫಾರಂನಿಂದ ಡಿಲೀಟ್ ಬಂದು ಬಿದ್ದರೆ ಗತಿ ಏನು? ಬೇರೆ ಸೈಟಿಗೆ ಹೋಗೋ ಫಾರಂಗೆ ಹೊಸ ಮಾತು ಬೇಡ, ತನ್ನದೇ ಸೈಟಿಗೆ ಮಾತ್ರ ಇರಲಿ ಅನ್ನೋದು ನಮಗೆ ಒಪ್ಪಿಗೆಯಾದ ದಾರಿ.

ಅಲ್ಲೀತನಕ ಏನು ಮಾಡೋದು? ರೂಬಿ ಆನ್ ರೈಲ್ಸ್, ಲಾರಾವೆಲ್ ಎರಡರಲ್ಲೂ ಒಂದು ಉಪಾಯ ಇದೆ. ಫಾರಂ ಹೊರಗೆ ಪೋಸ್ಟ್ ಅಂತಲೇ ಹೋಗುತ್ತೆ, ಒಳಗೆ ಒಂದು ಹಿಡನ್ ಇನ್‌ಪುಟ್‌ನಲ್ಲಿ 'ನಾನು ನಿಜವಾಗಿ ಪುಟ್' ಅಂತ ಚೀಟಿ ಇರುತ್ತೆ. ಸರ್ವರ್ ಚೀಟಿ ನೋಡಿ ಸರಿಯಾದ ಕೆಲಸಕ್ಕೆ ಕಳಿಸುತ್ತೆ. ನಾವೂ ಹಾಗೇ ಮಾಡಿದ್ದೀವಿ. ಆದರೆ ನಡುವೆ ಇರೋ ಬ್ರೌಸರ್‌ಗೆ ಚೀಟಿ ಓದೋಕೆ ಬರಲ್ಲ. ಅದು ಪೋಸ್ಟ್ ಅಂತಲೇ ತಿಳಿದು ಹೆದರಿಸುತ್ತೆ, ಎರಡು ಸಲ ಒತ್ತಿದರೂ ಏನಾಗಲ್ಲ ಅಂತ ಅದಕ್ಕೆ ಗೊತ್ತಾಗಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಪುಟ್ ಅಂತ ಹೆಸರಿಟ್ಟ ಮಾತ್ರಕ್ಕೆ ಸರ್ವರ್ ಒಳ್ಳೇದಾಗಲ್ಲ. ಪುಟ್ ಬಂದಾಗಲೂ ಹೊಸ ಸಾಲು ಸೇರಿಸೋ ಕೋಡ್ ಬರೆದರೆ 76 ಬಂದೇ ಬರುತ್ತೆ. ಪೋಸ್ಟ್‌ನಲ್ಲೇ ಪ್ರತಿ ಫಾರಂಗೆ ಒಂದು ಟೋಕನ್ ನಂಬರ್ ಕೊಟ್ಟು, ಅದೇ ನಂಬರ್ ಎರಡನೇ ಸಲ ಬಂದರೆ ಬಿಟ್ಟುಬಿಡೋ ಹಾಗೆಯೂ ಬರೀಬಹುದು. ಸುರಪುರದವನ ಅರ್ಜಿಗೆ ಅಷ್ಟು ಮಾಡಿದ್ದರೂ ಸಾಕಿತ್ತು. ಆದರೂ ಭಾಷೆಯಲ್ಲೇ ಮಾತು ಇದ್ದರೆ ಬರೆಯೋನು ಒಂದು ಕ್ಷಣ ಯೋಚನೆ ಮಾಡ್ತಾನೆ: ಇದು ಸೇರಿಸೋದಾ, ತಿದ್ದೋದಾ, ತೆಗೆಯೋದಾ? ರದ್ದು ಮಾಡೋ ಬಟನ್ ಇಡಬೇಕು ಅನ್ನೋದು ಆಗ ಹೊಳೆಯುತ್ತೆ.

ಮುಂದಿನ ಲ್ಯಾಬ್‌ನಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಪ್ರಾಜೆಕ್ಟಿನ ಫಾರಂ ತೆಗೆದು, ನೆಟ್‌ವರ್ಕ್ ಟ್ಯಾಬ್‌ನಲ್ಲಿ ವೇಗವನ್ನ 3ಜಿಗೆ ಇಳಿಸಿ, ಸಬ್ಮಿಟ್ ಎರಡು ಸಲ ಒತ್ತಿ. ಆಮೇಲೆ ಡೇಟಾಬೇಸ್ ತೆಗೆದು ಎಷ್ಟು ಸಾಲು ಇವೆ ಎಣಿಸಿ. ಎರಡು ಇದ್ದರೆ, ಆ ಎರಡನೇ ಸಾಲನ್ನ ತೆಗೆಸೋಕೆ ಯಾರ ಅಪ್ಪ ಯಾವ ಬಸ್ ಹತ್ತಬೇಕು ಅಂತ ಯೋಚಿಸಿ, ಆಮೇಲೆ ಕೋಡ್ ತಿದ್ದಿ.