ಬೇಲಿಯಾಚೆಯ ಹೊಲ

ಆ ಊರಿನ ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ರಾತ್ರಿ ಹೊತ್ತು ಟಾರ್ಚು ಹಿಡಿದು ಯಾರದೋ ಹೊಲ ಅಗೆಯುವ ಜನ ಇಂಗ್ಲೆಂಡಿನಲ್ಲೂ ಇದ್ದಾರೆ. ಅಲ್ಲಿ ಅವರಿಗೆ ‘ನೈಟ್‌ಹಾಕ್’ ಅನ್ನುತ್ತಾರೆ. ನಮ್ಮ ಕಡೆಯ ನಿಧಿಗಳ್ಳರ ಅಣ್ಣತಮ್ಮಂದಿರು. ಲೆಸ್ಟರ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ, ಒಂದು ಚರ್ಚು, ಒಂದು ಪಬ್ಬು, ಮಿಕ್ಕಿದ್ದೆಲ್ಲ ಗೋಧಿ ಹೊಲ ಅಂದುಕೊಳ್ಳಿ, ಸಾಕು.

ಆ ಪಬ್ಬಿನಲ್ಲಿ ಯಾರನ್ನು ಕೇಳಿದರೂ ಊರ ಕೆಳಗೆ ದೊಡ್ಡ ಕಾಳಗ ಆಗಿತ್ತು ಅನ್ನುವವರೇ. ಯಾವಾಗ ಅಂದರೆ 15ನೇ ಶತಮಾನ, ಲ್ಯಾಂಕಾಸ್ಟರ್ ಮನೆಯವರೂ ಯಾರ್ಕ್ ಮನೆಯವರೂ ಸಿಂಹಾಸನಕ್ಕೆ ಬಡಿದಾಡಿದ ಗುಲಾಬಿ ಯುದ್ಧಗಳ ಕಾಲ. ಎಲ್ಲಿ ಅಂತ ಕೇಳಿದರೆ ಮಾತ್ರ ಒಬ್ಬ ಚರ್ಚಿನ ಹಿಂದಕ್ಕೆ ಕೈ ತೋರಿಸುತ್ತಿದ್ದ, ಇನ್ನೊಬ್ಬ ಹಳ್ಳದ ಕಡೆಗೆ. ಮೂರನೆಯವನು ಲೋಟ ಖಾಲಿ ಮಾಡಿ, ‘ನಮ್ಮಪ್ಪನ ಆಲೂಗಡ್ಡೆ ಹೊಲದಲ್ಲಿ’ ಅನ್ನುತ್ತಿದ್ದ. ಸರಿ, ಹುಡುಕಿಯೇ ಬಿಡೋಣ ಅಂತ ಊರಿನ ಇತಿಹಾಸ ಸಂಘದವರು ಒಂದು ಸಂಜೆ ತೀರ್ಮಾನ ಮಾಡಿದರು. ಹೊಲದವರನ್ನು ಯಾರು ಕೇಳುತ್ತೀರಿ ಅಂತ ನಾನು ಬಾಯಿ ಬಿಟ್ಟೆ ನೋಡಿ, ಎಲ್ಲರೂ ನನ್ನ ಕಡೆಗೇ ತಿರುಗಿದರು. ನಾನಿದ್ದದ್ದು ಔಷಧಿ ಅಂಗಡಿಯಲ್ಲಿ, ಆದರೂ ಊರವರಿಗೆ ನಾನು ‘ಡಾಕ್ಟರ್’. ಡಾಕ್ಟರು ಕೇಳಿದರೆ ರೈತರು ಇಲ್ಲ ಅನ್ನುವುದಿಲ್ಲವಂತೆ. ಹೀಗೆ ಸಾಗರದ ಅಡಿಕೆ ತೋಟದಲ್ಲಿ ಹುಟ್ಟಿದವನು ಇಂಗ್ಲೆಂಡಿನ ರಣಭೂಮಿಗೆ ಕಾರ್ಯದರ್ಶಿಯಾದೆ.

ಅದು ಯಾವ ವರ್ಷ ಅನ್ನುವುದರಲ್ಲಿ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ಮಗಳು ಕಾಲೇಜು ಸೇರಿದ ವರ್ಷ ಅಂತ ನನ್ನ ನೆನಪು. ಅಲ್ಲ, ಮುಗಿಸಿದ ವರ್ಷ ಅಂತ ನನ್ನಾಕೆಯ ವಾದ. ಬಾಸ್‌ವರ್ತ್ ಸುದ್ದಿ ಬಂದ ಮೇಲಂತೂ ಹೌದು.

ಬಾಸ್‌ವರ್ತ್ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. 1485ರ ಆಗಸ್ಟ್ 22ರಂದು ಮೂರನೆಯ ರಿಚರ್ಡ್ ಸತ್ತು ಹೆನ್ರಿ ಟ್ಯೂಡರ್ ದೊರೆಯಾದ ಯುದ್ಧ ಅದು. ಆಂಬಿಯನ್ ಗುಡ್ಡದ ಮೇಲೆ ಬಾವುಟ ನೆಟ್ಟು, ಪ್ರವಾಸಿ ಕೇಂದ್ರ ಕಟ್ಟಿ, ಇಲ್ಲೇ ಆಯಿತು ಅಂತ ವರ್ಷಗಟ್ಟಲೆ ತೋರಿಸಿಕೊಂಡು ಬಂದಿದ್ದರು. 2005ರಿಂದ ಗ್ಲೆನ್ ಫೋರ್ಡ್ ಎಂಬ ಪುರಾತತ್ತ್ವಜ್ಞರು ಜನ ಕಟ್ಟಿಕೊಂಡು ಸುತ್ತಮುತ್ತಲ ಹೊಲಗಳನ್ನೆಲ್ಲ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಹಿಡಿದು ಜಾಲಾಡಿಸಿದರು. ಇನ್ನೇನು ಕೆಲಸ ಮುಗಿಯಿತು ಅನ್ನುವ ಹೊತ್ತಿಗೆ, 2009ರಲ್ಲಿ, ಗುಡ್ಡದಿಂದ ಸುಮಾರು 3 ಕಿಲೋಮೀಟರ್ ಆಚೆ, ಹಿಂದೊಮ್ಮೆ ಜೌಗಾಗಿದ್ದ ತಗ್ಗಿನಲ್ಲಿ ಸೀಸದ ಗುಂಡುಗಳು ಸಿಕ್ಕವು. ಒಟ್ಟು 30ಕ್ಕೂ ಹೆಚ್ಚು. ಜೊತೆಗೆ ಹೆಬ್ಬೆರಳ ತುದಿಯಷ್ಟಿನ, ಬೆಳ್ಳಿಗೆ ಚಿನ್ನದ ನೀರು ಕುಡಿಸಿದ ಒಂದು ಕಾಡುಹಂದಿ. ಕಾಡುಹಂದಿ ಅಂದರೆ ರಿಚರ್ಡನ ಲಾಂಛನ. ಅವನ ಕಡೆಯವನೊಬ್ಬ ಅಂಗಿಗೆ ಸಿಕ್ಕಿಸಿಕೊಂಡಿದ್ದು ಅಲ್ಲಿ ಕಳಚಿ ಬಿದ್ದಿತ್ತು. ತಾಳಿಕೋಟೆ ಯುದ್ಧ ಅಂತ ಬಾಯಿಪಾಠ ಮಾಡಿ, 1565ರ ಆ ಕದನ ತಾಳಿಕೋಟೆಯಿಂದ ಎಷ್ಟೋ ದೂರದಲ್ಲಿ ನಡೆದದ್ದು ಅಂತ ಆಮೇಲೆ ತಿಳಿದುಕೊಂಡ ನನಗೆ ಇದೇನೂ ಆಶ್ಚರ್ಯ ಅನ್ನಿಸಲಿಲ್ಲ. ನಮ್ಮ ಸಂಘದವರಿಗೆ ಮಾತ್ರ ಆ ಹಂದಿ ತಲೆಗೇರಿಬಿಟ್ಟಿತ್ತು. ಎಲ್ಲರಿಗೂ ಒಂದೊಂದು ಹಂದಿ ಬೇಕು.

ಹೊಲದವರ ಒಪ್ಪಿಗೆ, ಜಿಲ್ಲೆಯ ಪುರಾತತ್ತ್ವ ಅಧಿಕಾರಿಗಳ ಜೊತೆ ಮಾತು, ಸಿಕ್ಕ ಒಂದೊಂದು ವಸ್ತುವೂ ಸಂಘದ ಲೆಕ್ಕಕ್ಕೆ, ಯಾರ ಜೇಬಿಗೂ ಅಲ್ಲ ಅಂತ ಕರಾರು, ಎಲ್ಲಾ ಆಯಿತು. ಅಲ್ಲಿನ 1996ರ ನಿಧಿ ಕಾನೂನಿನ ಪ್ರಕಾರ ನಿಧಿ ಸಿಕ್ಕವನು 14 ದಿನದೊಳಗೆ ಕಾರೊನರ್‌ಗೆ ತಿಳಿಸಬೇಕು. ಈ ಕಾರೊನರ್ ಯಾರಪ್ಪಾ ಅಂದರೆ ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ. ಹೆಣಕ್ಕೂ ಹಣಕ್ಕೂ ಒಬ್ಬರೇ! ನಮ್ಮಲ್ಲಿ ಬ್ರಿಟಿಷರೇ ಮಾಡಿಟ್ಟುಹೋದ 1878ರ ಕಾಯ್ದೆಯಲ್ಲಿ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕು ಅಂತ ಇದೆ. ಇದನ್ನು ನಾನು ಸಭೆಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಇರಲಿ.

ಕೊಯ್ಲು ಮುಗಿದು ಮುಂದಿನ ಬಿತ್ತನೆ ಆಗುವವರೆಗಿನ ನಡುವಿನ ಸಮಯವಷ್ಟೇ ನಮ್ಮದು. ಹೊಲದ ತಲೆಯಿಂದ ಬುಡದವರೆಗೆ ಹತ್ತು ಮೀಟರಿಗೊಂದರಂತೆ ಕೆಂಪು ಪಟ್ಟಿ ಕಟ್ಟಿದ ಬಿದಿರು ಕಡ್ಡಿ ನೆಟ್ಟೆವು. ಒಬ್ಬೊಬ್ಬರಿಗೆ ಒಂದೊಂದು ಗೆರೆ. ಗೆರೆ ಬಿಟ್ಟು ಆಚೀಚೆ ಹೋಗುವಂತಿಲ್ಲ. ಸದ್ದಾದರೆ ಅಗೆಯಬೇಕು, ಸಿಕ್ಕಿದ್ದನ್ನು ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನಂಬರ್ ಬರೆಯಬೇಕು, ಜಿಪಿಎಸ್ ತೋರಿಸಿದ ಜಾಗ ಬರೆಯಬೇಕು, ಗುಂಡಿ ಮುಚ್ಚಬೇಕು. ಏನೂ ಸಿಗದಿದ್ದರೆ ಏನೂ ಸಿಗಲಿಲ್ಲ ಅಂತ ಬರೆಯಬೇಕು.

ಜಗಳ ಶುರುವಾದದ್ದೇ ಇಲ್ಲಿ. ಡಿಟೆಕ್ಟರ್ ಹವ್ಯಾಸದವರು ಕಬ್ಬಿಣಕ್ಕೆ ಸದ್ದು ಮಾಡದ ಹಾಗೆ ಯಂತ್ರ ಹೊಂದಿಸಿಕೊಂಡಿರುತ್ತಾರೆ, ತುಕ್ಕು ಮೊಳೆ ಅಗೆದು ಸೊಂಟ ಮುರಿದುಕೊಳ್ಳುವುದು ಯಾರಿಗೆ ಬೇಕು? ಆದರೆ ಆ ಕಾಲದ ಬಾಣದ ಮೊನೆ ಕಬ್ಬಿಣದ್ದು. ಕಬ್ಬಿಣಕ್ಕೂ ಕಿವಿ ಕೊಡಿ ಅಂದರೆ ಒಬ್ಬ ಬಸ್ ಡ್ರೈವರ್ ನನ್ನ ಮೇಲೆ ಹರಿಹಾಯ್ದ. ಅವನದು ಎಲ್ಲರಿಗಿಂತ ದುಬಾರಿ ಯಂತ್ರ. ಅದನ್ನು ಹೊದಿಕೆಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಬರುತ್ತಿದ್ದ. ‘ಡಾಕ್ಟರ್, ನಾನು ಬಂದಿರೋದು ಇತಿಹಾಸಕ್ಕೆ, ಗುಜರಿಗಲ್ಲ’ ಅಂದ. ಮೊದಲ ಗೆರೆಯಲ್ಲೇ ಅವನಿಗೆ ಮೊಳೆ, ಟ್ರ್ಯಾಕ್ಟರ್ ಬೋಲ್ಟು, ಬಂದೂಕಿನ ತೋಟಾ ಬುಡ, ತಂಪುಪಾನೀಯದ ಡಬ್ಬಿಯ ಉಂಗುರ, ಮತ್ತೆ ಮೊಳೆ.

ಇನ್ನೊಬ್ಬರು ನಿವೃತ್ತ ಪೋಸ್ಟ್‌ಮನ್. ಯಾವ ಹೊಲದ ಗೇಟು ಹೇಗೆ ತೆರೆಯುತ್ತದೆ, ಯಾವ ಮನೆ ನಾಯಿ ಕಚ್ಚುತ್ತದೆ, ಎಲ್ಲಾ ಗೊತ್ತು. ಅವರ ಡಿಟೆಕ್ಟರ್ ಹಳೆಯದು, ಹಿಡಿಗೆ ಟೇಪು ಸುತ್ತಿದ್ದರು. ನಡಿಗೆ ಮಾತ್ರ ದಾರ ಹಿಡಿದಂತೆ ನೇರ. ಗೆರೆ ಮುಗಿಸಿ ಬಂದು, ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ‘ಏನೂ ಇಲ್ಲ’ ಅಂತ ಬರೆದು, ಕೆಳಗೆ ಸಹಿ ಹಾಕಿ ಕೊಡುತ್ತಿದ್ದರು, ರಿಜಿಸ್ಟರ್ಡ್ ಪತ್ರ ತಲುಪಿಸಿದ ಗತ್ತಿನಲ್ಲಿ. ಆ ‘ಏನೂ ಇಲ್ಲ’ದ ಹಾಳೆಗಳೇ ನಮ್ಮ ನಿಜವಾದ ಆಸ್ತಿ ಅಂತ ನಾನು ಈಗಲೂ ಹೇಳುತ್ತೇನೆ. ಖಾಲಿ ಜಾಗ ಖಾಲಿ ಅಂತ ಖಾತ್ರಿಯಾಗದೆ, ನಾಲ್ಕು ವಸ್ತು ಸಿಕ್ಕ ಜಾಗಕ್ಕೆ ಏನು ಬೆಲೆ? ಆಲೂಗಡ್ಡೆ ಹೊಲ ಹಾಗೆಯೇ ಲೆಕ್ಕದಿಂದ ಹೊರಗೆ ಹೋಯಿತು. ಪಬ್ಬಿನವನು ನನ್ನ ಜೊತೆ ಸ್ವಲ್ಪ ಕಾಲ ಮಾತು ಬಿಟ್ಟ.

ಹವೆಯ ಬಗ್ಗೆ ಏನು ಹೇಳಲಿ. ನಮ್ಮ ಮಲೆನಾಡಿನ ಮಳೆ ಬಂದರೆ ಬಂತು, ಕಂಬಳಿಕೊಪ್ಪೆ ಹಾಕಿಕೊಂಡರಾಯಿತು. ಅಲ್ಲಿಯದು ಬಂದ ಹಾಗೂ ಇಲ್ಲ, ಬಿಟ್ಟ ಹಾಗೂ ಇಲ್ಲ. ಅಡ್ಡಗಾಳಿಗೆ ಕಿವಿಯೊಳಗೆ ನುಗ್ಗುವ ತುಂತುರು. ಜೇಡಿಮಣ್ಣು ಬೂಟಿಗೆ ಮೆತ್ತಿ ಮೆತ್ತಿ ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಎರಡಿಂಚು ಎತ್ತರ ಆಗಿರುತ್ತಿದ್ದೆವು. ಗೇಟಿನ ಹತ್ತಿರ ಒಬ್ಬ ಅಜ್ಜಿ ಕಾರಿನ ಡಿಕ್ಕಿ ತೆರೆದುಕೊಂಡು ಟೀ ಕೊಡುತ್ತಿದ್ದರು. ಹೆಚ್ಚಿನವರಿಗೆ ಬೇಕನ್ ಬನ್ನು, ಹಂದಿಮಾಂಸದ ಪೈ. ನನಗೆ ನನ್ನಾಕೆ ಕಟ್ಟಿಕೊಟ್ಟ ಚಿತ್ರಾನ್ನ, ಬಾಟಲಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಅಜ್ಜಿ ಒಂದು ದಿನ ಮೂಸಿ ನೋಡಿದರು, ಮಾರನೆಯ ವಾರ ಒಂದು ಮಿಡಿ ಸೀಳಿ ಚೀಸ್ ಸ್ಯಾಂಡ್‌ವಿಚ್ಚಿನೊಳಗೆ ಇಟ್ಟುಕೊಂಡರು. ಚೀಸ್ ಜೊತೆ ಉಪ್ಪಿನಕಾಯಿ ಅವರಿಗೇನೂ ಹೊಸದಲ್ಲ; ಆದರೆ ಅವರದು ಸಿಹಿ. ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಆಮೇಲೆ ಬಾಟಲಿ ಅವರ ಡಿಕ್ಕಿಯಲ್ಲೇ ಉಳಿಯಿತು, ನಾನು ಕೇಳಿ ತೆಗೆದುಕೊಳ್ಳುವ ಹಾಗಾಯಿತು.

ಹಳ್ಳದ ಹೊಲಕ್ಕೆ ಬಂದಾಗ ಆಟ ಬದಲಾಯಿತು. ಮೇಲಿನ ಗೆರೆಗಳೆಲ್ಲ ಖಾಲಿ. ಕೆಳಗಿಳಿದಂತೆ ಒಂದು ಬಕಲ್ಲು, ಬೆಲ್ಟಿನ ತುದಿಗೆ ಹಾಕುವ ತಗಡು, ಒಂದು ಅರ್ಧ ಬೆಳ್ಳಿ ಪೆನ್ನಿ. ಗುಲಾಬಿ ಯುದ್ಧಗಳಿಗೂ ಹಿಂದಿನ ಕಾಲದಲ್ಲಿ ಚಿಲ್ಲರೆ ಬೇಕಾದರೆ ಪೆನ್ನಿಯ ಮೇಲಿನ ಶಿಲುಬೆ ಗೆರೆ ನೋಡಿ ಎರಡಾಗಿ, ನಾಲ್ಕಾಗಿ ಕತ್ತರಿಸಿಕೊಳ್ಳುತ್ತಿದ್ದರು. ಕತ್ತರಿಸಿದ ಅಂಚು ಇನ್ನೂ ಬೆರಳಿಗೆ ಚುರುಕ್ಕನ್ನುತ್ತಿತ್ತು. ಬಸ್ ಡ್ರೈವರಿಗೇ ಸಿಕ್ಕಿದ್ದು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಮಳೆಯಲ್ಲಿ ನಿಂತೇ ಇದ್ದ, ಚೀಲಕ್ಕೆ ಹಾಕು ಅಂತ ಎರಡು ಸಲ ಹೇಳಬೇಕಾಯಿತು. ಸಂಜೆ ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿದರೆ ಎಲ್ಲವೂ ಒಂದೇ ಕಡೆ ಒತ್ತಾಗುತ್ತಾ ಹೋಗಿ ಬೇಲಿಯ ಹತ್ತಿರ ನಿಂತುಬಿಟ್ಟಿದ್ದವು. ಬೇಲಿಯಾಚೆ ಬೇರೆಯವರ ಜಾಗ, ಕುದುರೆ ಮೇಯುವ ಹುಲ್ಲುಗಾವಲು.

ಅದರ ಯಜಮಾನ ಯಾರಿಗೂ ಸೊಪ್ಪು ಹಾಕದ ಆಸಾಮಿ. ಮೊದಲ ಸಲ ಹೋದಾಗ ಬಾಗಿಲನ್ನು ಅರ್ಧ ತೆರೆದು, ಕುದುರೆ ಗಬ್ಬ ಆಗಿದೆ, ಬರಬೇಡಿ ಅಂದ. ಮರಿ ಹಾಕಿದ ಮೇಲೆ ಹೋದೆ. ಮರಿ ಸಣ್ಣದು ಅಂದ. ಕೊನೆಗೆ ಪೋಸ್ಟ್‌ಮನ್ ಒಂದು ಉಪಾಯ ಮಾಡಿದರು. ಹಳೇ ಬೇಲಿಯ ಮೊಳೆ ಹುಲ್ಲಿನೊಳಗೆ ಬಿದ್ದಿದ್ದು ಕುದುರೆಯ ಗೊರಸಿಗೆ ಹೊಕ್ಕರೆ ಕುಂಟು ಬೀಳುತ್ತದೆ, ಪಶುವೈದ್ಯರ ಬಿಲ್ಲು ಎಷ್ಟು ಗೊತ್ತಾ ಅಂತ ಪಬ್ಬಿನಲ್ಲಿ ಅವನಿಗೆ ಕೇಳಿಸುವ ಹಾಗೆ ಮಾತಾಡಿದರು. ಎರಡು ದಿನದಲ್ಲಿ ಫೋನ್ ಬಂತು. ‘ಡಾಕ್ಟರ್, ನಿಮ್ಮ ಜನ ಮೊಳೆಯನ್ನೂ ತೆಗೆಯುತ್ತಾರಂತೆ?’

ತೆಗೆದೆವು ಮಾರಾಯರೇ. ಅಂದು ಮೊದಲ ಸಲ ಬಸ್ ಡ್ರೈವರ್ ಕಬ್ಬಿಣದ ಬಗ್ಗೆ ತಕರಾರು ಮಾಡಲಿಲ್ಲ. ಬಕೆಟ್ಟು ತುಂಬ ಮೊಳೆ, ಎರಡು ಲಾಳ, ಮತ್ತೆ ಹಳ್ಳದ ಅಂಚಿನಲ್ಲಿ ಒಂದು ಸೀಸದ ಗುಂಡು, ಒಂದು ಮಗ್ಗುಲು ಚಪ್ಪಟೆಯಾಗಿದ್ದು. ಬಾಣದ ಮೊನೆ ಇರಬಹುದು ಅನ್ನಿಸಿದ ಒಂದು ತುಕ್ಕು ತುಂಡನ್ನು ಎಕ್ಸ್‌ರೇ ಮಾಡಿಸಿದೆವು. ಅದು ಗೇಟಿನ ಕೊಂಡಿ. ಗುಂಡನ್ನು ನೋಡಿದ ತಜ್ಞರು ತೂಗಿ ಅಳೆದು, 15ನೇ ಶತಮಾನದ್ದೂ ಇರಬಹುದು, 1640ರ ದಶಕದ ಅಂತರ್ಯುದ್ಧದ ಕೋವಿಯದ್ದೂ ಇರಬಹುದು, ಒಂದೇ ಒಂದನ್ನು ನೋಡಿ ಹೇಳಲಾರೆ ಅಂದರು. ವರದಿಯಲ್ಲಿ ‘ಸಂಭಾವ್ಯ’ ಅನ್ನುವ ಮಾತು ಹಾಗೇ ಉಳಿಯಿತು. ಕೆಲವರಿಗೆ ಬೇಸರವಾಯಿತು. ನನಗೆ ಆ ಮಾತು ಹಿಡಿಸಿತು, ಸುಳ್ಳು ಹೇಳಲಿಲ್ಲವಲ್ಲ.

ಕುದುರೆಯವನಿಗೆ ವರದಿಯ ಒಂದು ಪ್ರತಿ ಕೊಟ್ಟು ಬರೋಣ ಅಂತ ಹೋದೆ. ಬಾಗಿಲು ಈ ಸಲ ಪೂರ್ತಿ ತೆರೆಯಿತು. ವರದಿಯನ್ನು ಬಿಚ್ಚಿಯೂ ನೋಡದೆ ಕಂಕುಳಲ್ಲಿ ಇಟ್ಟುಕೊಂಡು, ಮನೆಯ ಹಿಂದಿನ ಇನ್ನೊಂದು ಹುಲ್ಲುಗಾವಲು ತೋರಿಸಿ, ‘ಅದರಲ್ಲೂ ಮೊಳೆ ಬೇಕಾದಷ್ಟಿದೆ, ಯಾವಾಗ ಬರ್ತೀರಿ?’ ಅಂತ ಕೇಳಿದ.