ಡ್ರೈಸೂಟು, ಹಸಿರು ಬಳಿ ಮತ್ತು ನಮ್ಮವ್ವ

"ಕಾಲಿದ್ದೋರು ಹಂಪಿ ನೋಡ್ಬೇಕು, ಕಣ್ಣಿದ್ದೋರು ಕನಕಗಿರಿ ನೋಡ್ಬೇಕು" ಅನ್ನೋದು ನಮ್ಮ ಕಡೆ ಗಾದೆ. ಸಮುದ್ರ ನೋಡ್ಬೇಕು ಅಂತ ಮಾತ್ರ ನಮ್ಮೂರಲ್ಲಿ ಯಾರೂ ಹೇಳಿಲ್ಲ :) ನಮಗೆ ನೀರು ಅಂದ್ರೆ ಊರಿನ ವೆಂಕಟಾಪತಿ ಬಾವಿ, ಗಂಗಾವತಿ ಕಡೆ ಹೋದ್ರೆ ತುಂಗಭದ್ರಾ ಎಡದಂಡೆ ಕಾಲುವೆ. ಅಷ್ಟೇ. ಅಂಥ ಊರಿನವಳು ನಾನು ಈಗ ಸಿಯಾಟಲ್‌ನಲ್ಲಿ ಐದು ದಿನ ಕೋಡ್ ಬರೆದು, ಶನಿವಾರ ಬಂದ್ರೆ ಪ್ಯುಜೆಟ್ ಸೌಂಡ್‌ನಲ್ಲಿ ಮುಳುಗೋಕೆ ಹೋಗ್ತೀನಿ. ಸ್ಕೂಬಾ ಡೈವಿಂಗ್!

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿದವರಿಗೆ ಈ ಕಷ್ಟ ಗೊತ್ತಿರಲ್ಲ. ಅಲ್ಲಿ ನೀರು ಬೆಚ್ಚಗಿರುತ್ತೆ, ತೆಳ್ಳನೆಯ ವೆಟ್‌ಸೂಟ್ ಸಾಕು. ಇಲ್ಲಿ ನೀರು ಸುಮಾರು ೮ರಿಂದ ೧೨ ಡಿಗ್ರಿ. ನೀರು ನಮ್ಮ ಮೈ ಶಾಖವನ್ನ ಗಾಳಿಗಿಂತ ಸುಮಾರು ೨೫ ಪಟ್ಟು ಬೇಗ ಎಳ್ಕೊಳ್ಳುತ್ತೆ. ಅದಕ್ಕೇ ಡ್ರೈಸೂಟ್. ಒಳಗೆ ಬೆಚ್ಚನೆಯ ಬಟ್ಟೆ, ಮೇಲೆ ನೀರು ಹೋಗದ ಚೀಲದಂಥ ಉಡುಪು. ಕುತ್ತಿಗೆಗೆ, ಎರಡೂ ಮಣಿಕಟ್ಟಿಗೆ ತೆಳು ರಬ್ಬರಿನ ಸೀಲು. ನೀರು ನುಸುಳಬಾರದು ಅಂದ್ರೆ ಸೀಲು ಬಿಗಿ ಇರ್ಬೇಕು. ಆದ್ರೆ ಆ ಬಿಗಿಯಲ್ಲೇ ನಮ್ಮ ತಲೆ, ಕೈ ತೂರಬೇಕು. ಕಷ್ಟ ಇರೋದೆಲ್ಲ ಇಲ್ಲೇ.

ನನಗೆ ಆಳದ ಭಯ ಇರಲಿಲ್ಲ. ತಲೆ ಆ ರಬ್ಬರಿನೊಳಗೆ ಸಿಕ್ಕಾಗಿನ ನಾಲ್ಕು ಸೆಕೆಂಡಿನ ಕತ್ತಲೆಯ ಭಯ ಇತ್ತು. ಉಸಿರೇ ನಿಂತ ಹಾಗೆ. ಮೂರನೇ ಕ್ಲಾಸ್ ಹೊತ್ತಿಗೆ "ಸಾಕು, ಬಿಟ್ಟುಬಿಡೋಣ" ಅನ್ನಿಸಿತ್ತು. ಜೊತೆಗೆ ಇನ್ನೊಂದು ತೊಡಕು: ಮದುವೆಯಲ್ಲಿ ಅವ್ವ ಇಡಿಸಿದ ಹಸಿರು ಗಾಜಿನ ಬಳೆ. ಉಂಗುರ, ವಾಚು, ಬಳೆ ಏನೂ ಇರಕೂಡದು ಅಂದ್ರು ಕಲಿಸುವವರು. ಚೂಪು ತಾಗಿದ್ರೆ ಸೀಲು ಹರಿಯುತ್ತೆ, ಆ ತಣ್ಣೀರು ಸೂಟಿನೊಳಗೆ ತುಂಬಿದ್ರೆ ಆಟ ಅಲ್ಲ.

ಅವ್ವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

"ತಾಳಿ?"

"ಅದು ಒಳಗs ಇರ್ತದ ಬೇ, ಸೀಲಿನ ಕೆಳಗ."

"ಹಂಗಾರ ಆತು ಬಿಡು, ಬೆಚ್ಚಗಿರ್ತದ. ಬಳಿ ಒಡೀಬ್ಯಾಡ ಮತ್ತ. ಸಬಕಾರ ಹಚ್ಚಿ ಒಂದೊಂದs ತಗಿ. ಬಂದ ಕೂಡ್ಲೆ ಹಾಕ್ಕೋ. ಕೈ ಜಗ್ಗಬ್ಯಾಡ, ಕೈ ಸಣ್ಣದು ಮಾಡ್ಕೋ. ಜಾತ್ರ್ಯಾಗ ಬಳಿಗಾರಾಕಿ ಹೆಂಗ ಇಡ್ತಿದ್ಲು, ಮರತ್ಯೇನು?"

ಕೈ ಸಣ್ಣದು ಮಾಡ್ಕೋ! ಕನಕಾಚಲಪತಿ ಜಾತ್ರೆಯಲ್ಲಿ ಬಳೆ ಇಡಿಸಿಕೊಂಡವರಿಗೆಲ್ಲ ಗೊತ್ತು. ಬಳೆಗಾರಾಕಿ ಬಳೆ ಎಳೆಯೋದೇ ಇಲ್ಲ. ಹೆಬ್ಬೆರಳನ್ನ ಅಂಗೈಯೊಳಗೆ ಮಡಚಿಸಿ, ಗೆಣ್ಣುಗಳನ್ನ ಒಟ್ಟಿಗೆ ಒತ್ತಿ, ಮಾತಾಡಿಸ್ತಾ ಮಾತಾಡಿಸ್ತಾ ದಾಟಿಸಿಬಿಡ್ತಾಳೆ. ಸೀಲಿಗೂ ಅದೇ ವಿದ್ಯೆ.

ಈಗ ನಾನು ಮಾಡೋ ಕ್ರಮ ಹೀಗೆ. ಮೊದಲು ಉಗುರು ಕತ್ತರಿಸ್ತೀನಿ. ಲೇಟೆಕ್ಸ್ ಸೀಲಿನ ಒಳಮೈಗೆ ಘಮ ಇಲ್ಲದ ಟಾಲ್ಕಂ ಪೌಡರ್ ಹಚ್ತೀನಿ. (ಕೊಬ್ಬರಿ ಎಣ್ಣೆ ಹಚ್ಚು ಅಂದಿದ್ಲು ಅವ್ವ. ಬಳೆಗೆ ಸರಿ, ಆದ್ರೆ ಎಣ್ಣೆ ತಾಗಿದ್ರೆ ಲೇಟೆಕ್ಸ್ ಕೊಳೆಯುತ್ತೆ.) ಕೂತು ಎರಡೂ ಕಾಲು ಪೂರ್ತಿ ಇಳಿಸಿ, ಸೊಂಟದ ತನಕ ಏರಿಸಿ, ಒಳಗಿನ ಪಟ್ಟಿಗಳನ್ನ ಹೆಗಲಿಗೆ ಹಾಕ್ಕೊಂಡ್ರೆ ಸೂಟಿನ ಭಾರ ಕೆಳಗೆ ಎಳೆಯಲ್ಲ. ಆಮೇಲೆ ಕೈ. ಇನ್ನೊಂದು ಕೈಯ ಎರಡು ಬೆರಳನ್ನ ಸೀಲಿನೊಳಗೆ ಚಪ್ಪಟೆಯಾಗಿ ತೂರಿಸಿ, ಬಳೆ ಇಡೋ ಹಾಗೆ ಕೈ ಮಡಚಿ ಜಾರಿಸೋದು.

ಕೊನೆಗೆ ತಲೆ. ಕೂದಲು ಬಿಗಿಯಾಗಿ ಕಟ್ಟಿರ್ಬೇಕು. ಬೆರಳುಗಳನ್ನ ಚಪ್ಪಟೆಯಾಗಿಟ್ಟು ಸೀಲನ್ನ ಎರಡೂ ಕಡೆ ಅಗಲಿಸಿ, ಗದ್ದ ಎದೆಗೆ ಒತ್ತಿ, ನೆತ್ತಿ ಮುಂದೆ ಮಾಡಿ ತೂರೋದು. ಸೀಲನ್ನ ಕೆಳಗೆ ಎಳೆಯೋದಲ್ಲ, ತಲೆಯನ್ನ ಮೇಲಕ್ಕೆ ಒತ್ತೋದು. ಉಸಿರು ಬಿಡ್ತಾ ಹೋದ್ರೆ ನಾಲ್ಕು ಸೆಕೆಂಡು ಎರಡೇ ಆಗುತ್ತೆ. ನಂತರ ಸೀಲು ಕುತ್ತಿಗೆಗೆ ನುಣ್ಣಗೆ ಅಂಟಿದೆಯಾ, ಕೆಳಗೆ ಒಂದು ಕೂದಲೂ ಸಿಕ್ಕಿಲ್ಲವಾ ನೋಡ್ಕೋಬೇಕು. ತಲೆ ಸುತ್ತಿ ಬಂದ್ರೆ "ರೂಢಿಯಾಗುತ್ತೆ" ಅಂತ ತಡ್ಕೋಬೇಡಿ. ಸೀಲು ಅತಿ ಬಿಗಿಯಾದ್ರೆ ಕುತ್ತಿಗೆಯ ರಕ್ತನಾಳ ಒತ್ತಿ ಎಚ್ಚರ ತಪ್ಪಬಹುದು. ಅದನ್ನ ಸರಿಯಾದ ಅಳತೆಗೆ ಮಾಡಿಸಿಕೊಳ್ಳಬೇಕು. ಜಿಪ್ಪನ್ನ ನೇರವಾಗಿ ಎಳೆದು, ಮಂಡಿಯೂರಿ ಕುಗ್ಗಿ ಒಳಗಿನ ಗಾಳಿ ಹೊರಗೆ ಬಿಟ್ರೆ ತಯಾರು. ಹಿತ್ತಾಳೆ ಜಿಪ್ಪಿಗೆ ಆಗಾಗ ಮೇಣ ತಿಕ್ತಾ ಇರ್ಬೇಕು.

ಬಿಚ್ಚುವಾಗ ಚಳಿಗೆ ಅವಸರ ಆಗುತ್ತೆ, ಸೀಲು ಹರಿಯೋದು ಆಗಲೇ. ಮೊದಲು ಜಿಪ್ಪು ಪೂರ್ತಿ ತೆಗೀರಿ. ಸೀಲಿನೊಳಗೆ ಎರಡೂ ಕೈ ಬೆರಳು ತೂರಿಸಿ ಅಗಲಿಸಿ, ತಲೆ ಬಗ್ಗಿಸಿ, ಹಿಂದಿನಿಂದ ಮುಂದಕ್ಕೆ ದಾಟಿಸಿ. ಕೈಗೂ ಅಷ್ಟೇ, ತುದಿ ಹಿಡಿದು ಜಗ್ಗಬೇಡಿ. ಸೀಲು ಒದ್ದೆ ಇದ್ದಾಗಲೇ ಬೆರಳು ತೂರಿಸಿದ್ರೆ ಬೇಗ ಜಾರುತ್ತೆ.

ಕೋರ್ಸ್ ಬಿಡಲಿಲ್ಲ. ಹೋದ ತಿಂಗಳು ಎಡ್ಮಂಡ್ಸ್‌ನ ನೀರೊಳಗಿನ ಉದ್ಯಾನದಲ್ಲಿ (೧೯೭೦ರಿಂದ ಇದೆಯಂತೆ) ಮೊದಲ ಸಲ ಹೆದರದೆ ಇಳಿದೆ. ಕಾರಿನಲ್ಲಿ ಕರವಸ್ತ್ರದೊಳಗೆ ಸುತ್ತಿಟ್ಟಿದ್ದ ಹನ್ನೆರಡೂ ಬಳೆಗಳನ್ನ ಮೇಲೆ ಬಂದಮೇಲೆ ಏರಿಸಿಕೊಂಡೆ. ತಣ್ಣೀರಿಗೆ ಕೈ ಕುಗ್ಗಿತ್ತೋ ಏನೋ, ಸಬಕಾರವೇ ಬೇಕಾಗ್ಲಿಲ್ಲ. ಒಂದೂ ಒಡೆದಿಲ್ಲ ಅಂತ ಅವ್ವನಿಗೆ ಫೋಟೋ ಕಳಿಸಿದೆ. "ಮೀನು ಕಂಡ್ವೇನು?" ಅಂತ ಕೇಳಿದ್ಲು.